‘ಮಲೆ’ ಶಬ್ದದ ಅರ್ಥವಿಚಾರ

ಕನ್ನಡದ ‘ಮಲೆ’ ಎಂಬ ಶಬ್ದಕ್ಕೆ ಪರ್ವತವೆಂದು ಅರ್ಥ ಹೇಳಿ ಮುಂದೆ ಸಾಗುವುದು ಪಾಠಗಳಲ್ಲಿಯೂ ಟಿಪ್ಪಣಿಗಳಲ್ಲಿಯೂ ರೂಢಿಯಾಗಿದೆ. ಈ ಅರ್ಥವು ತಪ್ಪಲ್ಲ; ಆದರೆ ಪೂರ್ಣವೂ ಅಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಎಂಬ ಕಾದಂಬರಿಯ ಹೆಸರನ್ನು ಇಂಗ್ಲಿಷಿನಲ್ಲಿ ತಿಳಿಸುವಾಗಲೂ ಬೆಟ್ಟವೆಂಬರ್ಥದ ಪದವನ್ನು ಬಳಸುವುದೇ ವಾಡಿಕೆ. ಆದರೆ ಆ ಕೃತಿಯ ಜನರು ನಡೆದಾಡುವುದು ಬೋಳುಗುಡ್ಡಗಳ ಮೇಲಲ್ಲ, ದಟ್ಟವಾದ ಕಾಡಿನೊಳಗೆ. ಆದುದರಿಂದ ಈ ಶಬ್ದದ ಮೂಲವನ್ನೂ ವ್ಯಾಪ್ತಿಯನ್ನೂ ಪರಿಶೀಲಿಸುವುದು ಅವಶ್ಯಕ.

ಮೊದಲು ಒಂದು ಭ್ರಾಂತಿಯನ್ನು ನಿವಾರಿಸಬೇಕು. ಮಲೆನಾಡಿನಲ್ಲಿ ಮಳೆ ವಿಪುಲವಾದ ಕಾರಣ ‘ಮಳೆನಾಡೇ ಮಲೆನಾಡಾಯಿತು’ ಎಂದು ಹೇಳುವುದುಂಟು. ಇದು ಸಾಧುವಲ್ಲ. ‘ಮಳೆ’ಯ ಹಳಗನ್ನಡ ರೂಪ ‘ಮೞೆ’. ತಮಿಳಿನಲ್ಲಿಯೂ ಅದು ೞಕಾರಯುಕ್ತವಾದ ‘ಮೞೈ’. ‘ಮಲೆ’ಯಾದರೋ ತಮಿಳಿನ ‘ಮಲೈ’, ಮಲಯಾಳದ ‘ಮಲ’ ಎಂಬಿವುಗಳೊಡನೆ ಸೇರತಕ್ಕದ್ದು. ಹೊಯ್ಸಳರ ‘ಮಲೆಪರೊಳ್ಗಂಡ’ ಎಂಬ ಬಿರುದಿನಲ್ಲಿರುವುದೂ ಲಕಾರವೇ.

ಇನ್ನು ಅರ್ಥದ ಮಾತು. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿಕೋಶವು ಈ ಜ್ಞಾತಿಶಬ್ದಗಳನ್ನು ಒಂದೆಡೆ ಕೂಡಿಸಿದೆ. ತಮಿಳು ಮಲಯಾಳಗಳಲ್ಲಿ ಪರ್ವತಾರ್ಥವೇ ಪ್ರಧಾನ. ಕನ್ನಡದಲ್ಲಿ ಪರ್ವತ, ಅರಣ್ಯ ಎರಡೂ ಉಂಟು. ತುಳುವಿನಲ್ಲಿ ಕಾಡು, ಅಥವಾ ಮರ ತುಂಬಿದ ಗುಡ್ಡ. ಕೊಡವ ಭಾಷೆಯಲ್ಲಿ ದಟ್ಟವಾದ ಕಾಡು, ಮತ್ತು ಅದರೊಳಗಿನ ಏಲಕ್ಕಿಯ ತೋಟ. ದೂರದ ಬಸ್ತರ್ ಪ್ರಾಂತದ ಪರ್ಜಿ ಭಾಷೆಯಲ್ಲಿ ‘ಮಲಂಗ್’ ಎಂದರೆ ಕಾಡು.

ಇಂತಹ ಅರ್ಥವ್ಯತ್ಯಾಸವು ದ್ರಾವಿಡಕ್ಕೆ ಮಾತ್ರ ಸೇರಿದುದಲ್ಲ. ಯೂರೋಪಿನ ಸ್ಲಾವ್ ಭಾಷೆಗಳಿಗೆ ಸಾಮಾನ್ಯವಾದ ‘ಗೊರಾ’ ಶಬ್ದವು ರಷ್ಯನ್ ಭಾಷೆಯಲ್ಲಿ ಪರ್ವತ, ಬಲ್ಗೇರಿಯನ್ ಭಾಷೆಯಲ್ಲಿ ಕಾಡು. ಸರ್ಬಿಯನ್ ಭಾಷೆಯಲ್ಲಿ ಎರಡೂ. ಅವುಗಳ ಬಂಧುವಾದ ಲಿಥುವೇನಿಯನ್ ಭಾಷೆಯ ‘ಗಿರಿಯಾ’ ಎಂದರೆ ಕಾಡು. ಇದೇ ಕುಲದ ಸಂಸ್ಕೃತದ ‘ಗಿರಿ’ ಎಂದರೆ ಪರ್ವತ. ಬಲ್ಗೇರಿಯನ್ನಿನಲ್ಲಿ ಪರ್ವತಕ್ಕೆ ‘ಪ್ಲಾನಿನಾ’ ಎಂಬ ಬೇರೆ ಶಬ್ದ ನೆಲೆಗೊಂಡಿದೆ. ರಷ್ಯನ್ನಿನಲ್ಲಿ ಕಾಡಿಗೆ ‘ಲ್ಯೆಸ್’ ಎಂಬುದಿದೆ. ನೆರೆಯ ಶಬ್ದವು ಆಕ್ರಮಿಸದೆ ಬಿಟ್ಟ ಅರ್ಥವೇ ಹಳೆಯ ಶಬ್ದಕ್ಕೆ ಉಳಿಯಿತೆಂದು ಊಹಿಸಬಹುದು.

ಕನ್ನಡದಲ್ಲಿ ‘ಬೆಟ್ಟ’ವೂ ಉಂಟು, ‘ಕಾಡು’ ಕೂಡ ಉಂಟು. ಹೀಗಿರಲು ‘ಮಲೆ’ಗೆ ಉಳಿದುದು ಇವೆರಡೂ ಬೇರ್ಪಡದ ಭೂಮಿ, ಎಂದರೆ ಕಾಡುಳ್ಳ ಬೆಟ್ಟಸೀಮೆ. ಮಹದೇಶ್ವರನ ಎಪ್ಪತ್ತೇಳು ಮಲೆಗಳೆಂದು ಎಣಿಸುವಲ್ಲಿ ಪರ್ವತಾರ್ಥವೇ ಮುಂದಾಗಿಲ್ಲವೇ ಎಂದು ಆಕ್ಷೇಪಿಸಬಹುದು. ದಿಟ, ಆದರೆ ಅಲ್ಲಿಯೂ ಆ ಬೆಟ್ಟಗಳನ್ನು ಕಾಡಿನಿಂದ ಬೇರ್ಪಡಿಸಲಾಗದು.

ಈ ಅರ್ಥಸಂಚಾರಕ್ಕೆ ಶಿವಮೊಗ್ಗ ಸೀಮೆಯಲ್ಲಿಯೇ ಇನ್ನೊಂದು ಸಾಕ್ಷಿಯುಂಟು. ಅಲ್ಲಿನ ಅಡಕೆಯ ಬೆಳೆಗಾರರು ತೋಟಕ್ಕೆ ಸೊಪ್ಪು ತರುವ ಕಾಡಿನ ಭಾಗವನ್ನು ‘ಸೊಪ್ಪಿನ ಬೆಟ್ಟ’ ಎನ್ನುವರು. ಇಲ್ಲಿ ಮುಖ್ಯವಾದುದು ನೆಲದ ಎತ್ತರವಲ್ಲ, ಮರಗಿಡಗಳ ಸೊಪ್ಪು. ‘ಮಲೆ’ ನಡೆದ ದಾರಿಯನ್ನೇ ‘ಬೆಟ್ಟ’ವೂ ಹಿಡಿದಿದೆ. ಆದುದರಿಂದ ಈ ಪಲ್ಲಟವು ಆಕಸ್ಮಿಕವಲ್ಲ. ಅಲ್ಲಿನ ಬದುಕೇ ಇದಕ್ಕೆ ಕಾರಣ. 1923ರಲ್ಲಿ ಉತ್ಪಾದನೆಗೆ ತೊಡಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಅದಿರು ಬಂದುದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ, ಇದ್ದಿಲು ದೊರೆತುದು ಕಾಡಿನ ಮರದಿಂದ. ಜನರಿಗೆ ಬೇಕಾದುದನ್ನು ಎರಡೂ ಕೂಡಿಯೇ ಕೊಡುವಲ್ಲಿ ಒಂದೇ ಹೆಸರು ಎರಡಕ್ಕೂ ಸಲ್ಲುವುದು ಸಹಜ.

ಇದರಿಂದ ಬೋಧಕರಿಗೆ ಒಂದು ಕರ್ತವ್ಯ ಒದಗುವುದು. ಶಿವಮೊಗ್ಗದ ವಿದ್ಯಾನಗರದಲ್ಲಿ ಬೆಳೆದ ವಿದ್ಯಾರ್ಥಿಗೆ ಮಲೆನಾಡು ಕಣ್ಣೆದುರಿನ ವಸ್ತು. ಬಯಲುಸೀಮೆಯ ವಿದ್ಯಾರ್ಥಿಗೆ ಅದು ಟಿಪ್ಪಣಿಯಿಂದಲೇ ತಿಳಿಯಬೇಕು. ಆ ಟಿಪ್ಪಣಿಯಲ್ಲಿ ‘ಪರ್ವತ’ವೆಂದಷ್ಟೇ ಬರೆದರೆ, ಅವನು ಓದುವ ಕಾವ್ಯದಲ್ಲಿ ಕಾಡೇ ಇಲ್ಲದಂತಾಗುವುದು. ‘ಮಲೆ: ಕಾಡುಳ್ಳ ಬೆಟ್ಟಸೀಮೆ, ಸಂದರ್ಭಾನುಸಾರ ಪರ್ವತ ಅಥವಾ ಅರಣ್ಯ’ ಎಂದು ಬರೆಯುವುದೇ ಯುಕ್ತ.