ಮುಂದಿನ ಮಾಸ್ತರ ಯಾರು?

2023ರ ಡಿಸೆಂಬರ್. ಕುಂದಗೋಳ ತಾಲೂಕಿನ ನಮ್ಮೂರ ಕಟಿಂಗ್ ಅಂಗಡಿಯಲ್ಲಿ ನನ್ನ ಸರದಿಗಾಗಿ ಕಾಯುತ್ತ ಕೂತಿದ್ದೆ. ಬೆಂಗಳೂರು ಎಫ್‌ಸಿ ಮುಂಬೈ ಸಿಟಿ ಎದುರು 4-0 ಅಂತರದಲ್ಲಿ ಸೋತಿತ್ತು. ಅದರ ಬೆನ್ನಲ್ಲೇ ಕೋಚ್ ಸೈಮನ್ ಗ್ರೇಸನ್ ಅವರನ್ನು ಕ್ಲಬ್ ಕೈಬಿಟ್ಟಿತ್ತು. ಬೆಂಚಿನ ಮೇಲೆ ನಾಲ್ಕು ಹುಡುಗರು ಒಂದೇ ಮೊಬೈಲಿಗೆ ತಲೆ ಕೊಟ್ಟು ಜಗಳಕ್ಕೆ ಬಿದ್ದಿದ್ದರು. ಆ ನಾಲ್ವರಲ್ಲಿ ಯಾರೂ ಕಂಠೀರವ ಕ್ರೀಡಾಂಗಣದ ಮೆಟ್ಟಿಲು ಹತ್ತಿದವರಲ್ಲ.

"ಇಂಗ್ಲಂಡಿನಾಂವ ಸಾಕಪಾ, ಸ್ಪೇನಿನಾಂವನ್ನ ತರಬೇಕು."

"ಕ್ವಾದ್ರಾತನ್ನ ತಿರುಗಿ ಕರಸಬೇಕು."

"ಅಂವ ಈಗ ಈಸ್ಟ್ ಬೆಂಗಾಲ್‌ದಾಗ ಅದಾನ ಲೇ, ಹೆಂಗ ಬರತಾನ?"

"ಯಾಂವ ಬಂದರೇನು, ಗೋಲ್ ಹೊಡಿಯಾವರು ಬೇಕಲ್ಲ?"

ಗಡ್ಡಕ್ಕೆ ಸಾಬೂನು ಹಚ್ಚಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಕನ್ನಡಿಯಲ್ಲೇ ಹುಡುಗರನ್ನು ನೋಡಿ ಕೇಳಿದರು: "ಅಂದ್ರ, ಮುಂದಿನ ಮಾಸ್ತರ ಯಾರು ಅಂತ ನಿಮ್ಮ ಜಗಳ?"

ಹುಡುಗರು ನಕ್ಕರು. ನನಗೆ ಮಾತ್ರ ಆ ಶಬ್ದ ಮನಸ್ಸಿನಲ್ಲಿ ಉಳಿಯಿತು. ಇಂಗ್ಲಿಷಿನವರು 'ಮ್ಯಾನೇಜರ್' ಎನ್ನುತ್ತಾರೆ. ನಮ್ಮ ಕಡೆ ಮ್ಯಾನೇಜರ್ ಎಂದರೆ ಬ್ಯಾಂಕಿನವರು, ಸಾಲದ ಅರ್ಜಿ ನೋಡುವವರು. ಮಾಸ್ತರ ಎಂದರೆ ಬೇರೆ. ಜಾತ್ರೆಗೆ ನಾಟಕ ಆಡಬೇಕೆಂದಾಗ ಊರವರು ಹೊರಗಿನಿಂದ ಪೇಟಿ ಮಾಸ್ತರರನ್ನು ಕರೆಸುತ್ತಾರೆ. ಅವರು ಪೇಟಿ ಬಾರಿಸುತ್ತ ಹಾಡು ಕಲಿಸಬೇಕು, ಯಾರಿಗೆ ಯಾವ ಪಾತ್ರ ಎಂದು ಹೇಳಬೇಕು, ಸಿಟ್ಟಾದ ಪಾತ್ರಧಾರಿಯನ್ನು ಸಮಾಧಾನ ಮಾಡಿ ತಾಲೀಮಿಗೆ ಎಳೆದು ತರಬೇಕು. ಯಾವ ಮಾಸ್ತರರನ್ನು ಕರೆಸುವುದು ಎಂಬ ಬಗ್ಗೆ ಗುಡಿಕಟ್ಟೆಯ ಮೇಲೆ ನಡೆಯುವ ಚರ್ಚೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ನನ್ನ ಪಿಎಚ್‌ಡಿ ಕೆಲಸವೂ ಹಳ್ಳಿ ನಾಟಕಗಳ ಮೇಲೆಯೇ. ಆದರೆ ಅಂಥ ಚರ್ಚೆಯನ್ನು ಒಂದು ಸಲವೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿರಲಿಲ್ಲ. ಅದು ಹೊತ್ತು ಕಳೆಯುವ ಮಾತು, ನಾಟಕ ಆಮೇಲೆ ಶುರುವಾಗುತ್ತದೆ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ನಮ್ಮ ಊರುಗಳಲ್ಲಿ ವಿಮರ್ಶೆ ಎಂಬುದು ನಡೆಯುವುದೇ ಅಲ್ಲಿ.

ಹುಡುಗರ ಮಾತನ್ನು ವಿಮರ್ಶೆಯಾಗಿ ಓದಿದರೆ ಅದರಲ್ಲಿ ಎರಡು ಧಾಟಿಗಳು ಕಾಣುತ್ತವೆ. ಮೊದಲನೆಯದು ಅವತಾರದ ಧಾಟಿ: ಒಬ್ಬ ಬರುತ್ತಾನೆ, ಬಂದು ಎಲ್ಲ ಸರಿ ಮಾಡುತ್ತಾನೆ. ಈ ನಂಬಿಕೆಗೆ ದೊಡ್ಡ ಕ್ಲಬ್‌ಗಳೂ ಹೊರತಲ್ಲ. ಅಲೆಕ್ಸ್ ಫರ್ಗ್ಯುಸನ್ 26 ವರ್ಷಗಳ ನಂತರ 2013ರಲ್ಲಿ ನಿವೃತ್ತರಾದ ಮೇಲೆ ಮ್ಯಾಂಚೆಸ್ಟರ್ ಯುನೈಟೆಡ್ ಡೇವಿಡ್ ಮೊಯೆಸ್, ಲೂಯಿ ವಾನ್ ಗಾಲ್, ಜೋಸೆ ಮೊರಿನೊ ಎಂದು ಒಬ್ಬರಾದ ಮೇಲೆ ಒಬ್ಬರನ್ನು ತಂದಿತು. ಮೊಯೆಸ್ ಒಂದು ಋತುವನ್ನೂ ಪೂರ್ತಿ ಮುಗಿಸಲಿಲ್ಲ. ಪ್ರತಿ ಸಲ ಅಭಿಮಾನಿಗಳು ಹುಡುಕಿದ್ದು ಇನ್ನೊಬ್ಬ ಫರ್ಗ್ಯುಸನ್‌ನನ್ನು. ಅವತಾರದ ಕಥೆಯಲ್ಲಿ ಆಟಗಾರರಿಗೂ ಮಾಲೀಕರಿಗೂ ಪಾತ್ರವೇ ಇಲ್ಲ. "ಗೋಲ್ ಹೊಡಿಯಾವರು ಬೇಕಲ್ಲ?" ಎಂದ ನಾಲ್ಕನೆಯ ಹುಡುಗ ಮರೆತುಹೋದ ಆ ಪಾತ್ರಗಳನ್ನೇ ನೆನಪಿಸಿದ್ದ.

ಎರಡನೆಯದು ಬಾನಿಯ ಧಾಟಿ. "ಸ್ಪೇನಿನಾಂವ" ಎಂದ ಹುಡುಗ ದೇಶದ ಹೆಸರು ಹೇಳಿದರೂ ಅವನು ಕೇಳುತ್ತಿದ್ದುದು ಒಂದು ಆಟದ ರೀತಿಯನ್ನು. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿತು. ಇಂಗ್ಲಂಡಿನ ಆಶ್ಲಿ ವೆಸ್ಟ್‌ವುಡ್ ಮೊದಲ ಋತುವಿನಲ್ಲೇ ಐ-ಲೀಗ್ ಗೆಲ್ಲಿಸಿದರು, 2015-16ರಲ್ಲಿ ಮತ್ತೊಮ್ಮೆ ಗೆಲ್ಲಿಸಿದರು. ಆಮೇಲೆ ಬಂದ ಸ್ಪೇನಿನ ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಅಲ್ಲಿಗೆ ಮುಟ್ಟಿರಲಿಲ್ಲ. ರೋಕಾ ಹೋದಾಗ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಕೋಚ್ ಆದರು, 2018-19ರ ಐಎಸ್‌ಎಲ್ ಗೆದ್ದುಕೊಟ್ಟರು. ಗುರುವಿನಿಂದ ಶಿಷ್ಯನಿಗೆ ಬಂದ ಗೆಲುವು ಅದು. ಹುಡುಗರು ಹಂಬಲಿಸಿದ್ದು ಈ ಪರಂಪರೆಗಾಗಿ. ಅವರ ನೆನಪು ಜಾರಿದ್ದು ಎರಡು ಕಡೆ. ಅದೇ ಕ್ವಾದ್ರಾತ್ ಸತತ ಸೋಲುಗಳ ನಂತರ 2021ರ ಜನವರಿಯಲ್ಲಿ ಕ್ಲಬ್ ಬಿಡಬೇಕಾಯಿತು. ಇನ್ನು, ಬೈಸಿಕೊಳ್ಳುತ್ತಿದ್ದ ಗ್ರೇಸನ್ 2022ರಲ್ಲಿ ಡುರಾಂಡ್ ಕಪ್ ಗೆಲ್ಲಿಸಿದ್ದರು, 2023ರ ಮಾರ್ಚ್‌ನಲ್ಲಿ ತಂಡವನ್ನು ಐಎಸ್‌ಎಲ್ ಫೈನಲ್‌ವರೆಗೆ ಒಯ್ದಿದ್ದರು.

ಪರಂಪರೆಯ ಮಾತು ಬಂದರೆ ಕುಂದಗೋಳದವನಾದ ನನಗೆ ಸವಾಯಿ ಗಂಧರ್ವರು ನೆನಪಾಗದೆ ಇರುವುದಿಲ್ಲ. ಸವಾಯಿ ಎಂದರೆ ಒಂದೂಕಾಲು. ಇನ್ನೊಬ್ಬ ಗಂಧರ್ವನಿಗಿಂತ ಕಾಲುಪಾಲು ಹೆಚ್ಚು ಎಂಬ ಹೋಲಿಕೆಯೇ ಇಲ್ಲಿ ಬಿರುದಾಗಿದೆ. ರಸಿಕರ ಜಗಳ ಆ ಹೆಸರಿನೊಳಗೇ ಇದೆ. ಅಬ್ದುಲ್ ಕರೀಂ ಖಾನ್ ಅವರಿಂದ ಕಿರಾಣಾ ಗಾಯನ ಕಲಿತ ಸವಾಯಿ ಗಂಧರ್ವರ ಬಳಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತವರು ಗಂಗೂಬಾಯಿ ಹಾನಗಲ್, ಗುರುವಿನ ಮನೆಯಲ್ಲೇ ಇದ್ದು ಕಲಿತವರು ಭೀಮಸೇನ ಜೋಶಿ. ಒಂದೇ ಮನೆಯ ಕಲಿಕೆ. ಗಂಗೂಬಾಯಿ ರಾಗವನ್ನು ನಿಧಾನವಾಗಿ, ಒಂದೊಂದೇ ಸ್ವರವಾಗಿ ಬೆಳೆಸುವ ಆ ಬಾನಿಯನ್ನು ಕೊನೆಯವರೆಗೂ ಬಿಡಲಿಲ್ಲ. ಭೀಮಸೇನರು ಬೇರೆ ಘರಾಣೆಗಳಿಂದ ತಮಗೆ ಬೇಕಾದದ್ದನ್ನು ಎತ್ತಿಕೊಂಡು ತಮ್ಮದೇ ದಾರಿ ಮಾಡಿದರು. ನಿಜವಾದ ವಾರಸುದಾರರು ಯಾರು ಎಂಬ ಪ್ರಶ್ನೆ ಇಲ್ಲಿ ಸೋಲುತ್ತದೆ, ಏಕೆಂದರೆ ಉತ್ತರ 'ಇಬ್ಬರೂ'. ಬಾನಿ ಉಳಿಯಲು ಅದು ನಕಲಾಗಿಯೇ ಉಳಿಯಬೇಕಿಲ್ಲ. ಕಟಿಂಗ್ ಅಂಗಡಿಯ ಚರ್ಚೆ ಎಡವಿದ್ದು ಇಲ್ಲೇ: ಅವರಿಗೆ ಕ್ವಾದ್ರಾತ್ ತಿರುಗಿ ಬೇಕಾಗಿತ್ತು, ಕ್ವಾದ್ರಾತ್ ಕಲಿಸಿದ್ದನ್ನು ಮುಂದೆ ಒಯ್ಯುವವರು ಬೇಕೆಂದು ಅವರು ಕೇಳಲಿಲ್ಲ.

ಹಾಗೆಂದು ಆ ಜಗಳವನ್ನು ನಾನು ಹಗುರವಾಗಿ ನೋಡಲಾರೆ. ಬಾರ್ಸಿಲೋನಾ ಕ್ಲಬ್ಬಿನ ಸದಸ್ಯರು ತಮ್ಮ ಅಧ್ಯಕ್ಷರನ್ನು ಮತ ಹಾಕಿ ಆರಿಸುತ್ತಾರೆ. ಬೆಂಗಳೂರು ಎಫ್‌ಸಿ ಜೆಎಸ್‌ಡಬ್ಲ್ಯೂ ಸಂಸ್ಥೆಯ ಒಡೆತನದ್ದು. ವೆಸ್ಟ್ ಬ್ಲಾಕಿನಲ್ಲಿ ಗಂಟಲು ಹರಿಯುವಂತೆ ಕೂಗುವವರಿಗೂ ಕೋಚ್ ಆಯ್ಕೆಯಲ್ಲಿ ಮತವಿಲ್ಲ. ನಮ್ಮೂರ ಹುಡುಗರ ಮಾತಂತೂ ಅಲ್ಲಿಗೆ ಮುಟ್ಟುವುದೇ ಇಲ್ಲ. ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ ಅವರು ಅಂಕಿಅಂಶ ತೆಗೆಯುತ್ತಾರೆ, ಹಳೆಯ ಪಂದ್ಯ ನೆನಪಿಸುತ್ತಾರೆ, ಒಬ್ಬ ತಪ್ಪು ಹೇಳಿದರೆ ಇನ್ನೊಬ್ಬ ತಿದ್ದುತ್ತಾನೆ. ತನಗೆ ಏನೂ ದಕ್ಕದ ಕಡೆಯೂ ಸರಿ ತಪ್ಪು ತೂಗಿ ನೋಡುವುದು ವಿಮರ್ಶೆಯ ಮೊದಲ ಪಾಠ. ಆ ಪಾಠಕ್ಕೆ ನಾವು ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಫೀ ಕಟ್ಟುತ್ತೇವೆ.

ಆ ವರ್ಷ ನಾನೂ ಒಬ್ಬ ಮಾಸ್ತರರಿಗಾಗಿ ಕಾಯುತ್ತಿದ್ದೆ. ನನ್ನ ಮಾರ್ಗದರ್ಶಕರು ನಿವೃತ್ತರಾಗಿದ್ದರು. ಪ್ರಬಂಧದ ಎರಡು ಅಧ್ಯಾಯ ಮುಗಿದಿದ್ದವು. ಮುಂದಿನವರು ಯಾರು, ಅವರು ನನ್ನ ವಿಷಯವನ್ನೇ ಬದಲಿಸೆಂದರೆ ಏನು ಗತಿ ಎಂದು ಹಾಸ್ಟೆಲಿನಲ್ಲಿ ನಾವೂ ಹೆಸರುಗಳನ್ನು ತೂಗುತ್ತಿದ್ದೆವು. ನಮ್ಮನ್ನೂ ಯಾರೂ ಕೇಳುವವರಿರಲಿಲ್ಲ. ನಾನು ಬಯಸಿದ್ದೂ ಹಳಬರಂಥವರೇ ಇನ್ನೊಬ್ಬರು ಬರಲಿ ಎಂದು. ಹುಡುಗರ ತಪ್ಪು ನನಗೆ ಅಷ್ಟು ಬೇಗ ಕಂಡದ್ದು ಅದು ನನ್ನದೂ ಆಗಿದ್ದರಿಂದ.

ಕೊನೆಗೆ ಬೆಂಗಳೂರಿಗೆ ಬಂದವರು ಸ್ಪೇನಿನ ಜೆರಾರ್ಡ್ ಸರಗೋಸಾ, ಹಿಂದೆ ಕ್ವಾದ್ರಾತ್ ಅವರ ಸಹಾಯಕರಾಗಿದ್ದವರು. ಹುಡುಗರು ಗೆದ್ದಷ್ಟು ಖುಷಿಪಟ್ಟರು. ಆ ಋತು ತಂಡ 10ನೇ ಸ್ಥಾನದಲ್ಲಿ ಮುಗಿಸಿತು. ಮರುವರ್ಷ ಅದೇ ಸರಗೋಸಾ ಫೈನಲ್ ಮುಟ್ಟಿಸಿದರು, ಮೋಹನ್ ಬಾಗಾನ್ ಎದುರು 2-1ರಲ್ಲಿ ಸೋತರು. ಅವರು ಒಳ್ಳೆಯ ಕೋಚೋ ಅಲ್ಲವೋ ಎಂಬ ಜಗಳ ನಮ್ಮೂರಲ್ಲಿ ಮುಗಿದಿಲ್ಲ.

ಅವತ್ತು ಗಡ್ಡ ಮುಗಿಸಿಕೊಂಡು ಎದ್ದ ಹಿರಿಯರು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಹೇಳಿದ ಮಾತನ್ನು ಮನೆಗೆ ಬಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟೆ: "ತಮ್ಮಾ, ಮಾಸ್ತರ ಚಲೋ ಇದ್ದನೋ ಇಲ್ಲೋ ಅನ್ನೂದು ಅಂವ ಇದ್ದಾಗ ಗೊತ್ತಾಗೂದಿಲ್ಲ. ಅಂವ ಹೋದ ಮ್ಯಾಲೆ ಹುಡುಗರು ತಾವ ನಿಂತು ನಾಟಕ ಆಡತಾರಿಲ್ಲೋ ನೋಡ್ರಿ."

ನನ್ನ ಮೂರನೆಯ ಅಧ್ಯಾಯ ಪೇಟಿ ಮಾಸ್ತರರ ಮೇಲೆ. ಈ ಮಾತಿನಿಂದಲೇ ಅದನ್ನು ಶುರು ಮಾಡಿದ್ದೇನೆ.