ಬಯಲುಸೀಮೆಯವರ ಕಡಲಯಾತ್ರೆ

ತುಮಕೂರಿನ ನಡುವೆ ಹಾಯುವ ಬಿ.ಎಚ್. ರಸ್ತೆಯು ಗುಬ್ಬಿಯನ್ನು ಕಳೆದು, ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರಗಳನ್ನು ದಾಟಿ, ಜೋಗದಿಂದಾಚೆ ಘಟ್ಟವನ್ನಿಳಿದು ಹೊನ್ನಾವರದಲ್ಲಿ ಸಮುದ್ರವನ್ನು ಸೇರುತ್ತದೆ. ಕುಣಿಗಲ್ಲಿನ ಹೆದ್ದಾರಿಯಾದರೋ ಯಡಿಯೂರು, ಹಾಸನ, ಸಕಲೇಶಪುರಗಳ ಮೇಲೆ ಶಿರಾಡಿ ಘಟ್ಟವನ್ನಿಳಿದು ಮಂಗಳೂರನ್ನು ಮುಟ್ಟುತ್ತದೆ. ನಮ್ಮ ಎರಡು ರಾಜಮಾರ್ಗಗಳೂ ಹೀಗೆ ಕಡಲಿನಲ್ಲಿಯೇ ಪರ್ಯವಸಾನ ಹೊಂದುವುದರಿಂದ, ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ಊರುಗಳ ಶಾಲೆಗಳೂ ಕುಟುಂಬಗಳೂ ರಜೆಯ ದಿನಗಳಲ್ಲಿ ಕರಾವಳಿಯ ಪ್ರವಾಸ ಕೈಗೊಳ್ಳುವುದು ಸಹಜವಾಗಿಯೇ ಒಂದು ರೂಢಿಯಾಗಿ ನೆಲೆಗೊಂಡಿದೆ. ಆ ರೂಢಿಯ ಗುಣದೋಷಗಳನ್ನು ವಿವೇಚಿಸುವುದು ಈ ಬರಹದ ಉದ್ದೇಶ.

ಗುಣವನ್ನು ಮೊದಲು ಹೇಳುವುದು ನ್ಯಾಯ. ಕೆರೆಯ ಏರಿಯಿಂದಾಚೆಗೆ ನೀರಿನ ವಿಸ್ತಾರವನ್ನೇ ಕಾಣದ ಬಾಲಕನೊಬ್ಬನು ದಿಗಂತದವರೆಗೆ ಹಬ್ಬಿದ ಜಲರಾಶಿಯೆದುರು ಮೊದಲ ಬಾರಿಗೆ ನಿಲ್ಲುವುದು ಪಠ್ಯಪುಸ್ತಕದ ಯಾವ ಅಧ್ಯಾಯವೂ ಕೊಡಲಾರದ ಶಿಕ್ಷಣ. ಅದನ್ನು ಬಡಮಕ್ಕಳಿಗೂ ಎಟಕುವಂತೆ ಮಾಡಿರುವುದು ನಮ್ಮ ಶಾಲಾಪ್ರವಾಸಗಳ ಹಿರಿಮೆ. ದೋಷವಿರುವುದು ಹೊರಡುವುದರಲ್ಲಲ್ಲ, ಯೋಜಿಸುವ ಕ್ರಮದಲ್ಲಿ. ದೇವಾಲಯಗಳನ್ನೂ ಜಲಪಾತವನ್ನೂ ಮೊದಲು ಪಟ್ಟಿಗೆ ಸೇರಿಸಿ, ಉಳಿದ ಸಂಜೆಯ ಒಂದು ಗಂಟೆಯನ್ನು ಕಡಲಿಗೆ ಬಿಡುವುದು ವಾಡಿಕೆ; ಆ ಗಂಟೆಯಲ್ಲಿ ಅದು ಉಬ್ಬರವೋ ಇಳಿತವೋ, ಅಲೆಗಳ ಸ್ವಭಾವವೆಂತಹುದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಕುಣಿಗಲ್ ಕೆರೆ ಕೋಡಿ ಬಿದ್ದಿತೆಂದು ಕೇಳಿದೊಡನೆ ನೋಡಹೋಗುವ ಜನ ಬತ್ತಿದ ಬೇಸಗೆಯಲ್ಲಿ ಆ ಕಡೆ ಸುಳಿಯರು. ಕೆರೆಗೆ ಸಲ್ಲಿಸುವ ಈ ಋತುಜ್ಞಾನವನ್ನು ಕಡಲಿಗೂ ಸಲ್ಲಿಸಬೇಕೆಂಬುದೇ ನನ್ನ ವಾದದ ಸಾರ.

ಶರಾವತಿಯ ಅಳಿವೆಯ ದಕ್ಷಿಣಕ್ಕಿರುವ ಕಾಸರಕೋಡು, ಹಾಗೂ ಉಡುಪಿ ಜಿಲ್ಲೆಯ ಪಡುಬಿದ್ರಿ, ಇವೆರಡೂ ಸ್ವಚ್ಛ, ಸುರಕ್ಷಿತ ತೀರಗಳಿಗೆ ಸಲ್ಲುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಕಡಲತೀರಗಳು. ನದಿಗೂ ಸಮುದ್ರಕ್ಕೂ ನಡುವೆ ಚಾಚಿದ ಇಂತಹ ಮರಳಪಟ್ಟಿಗಳು ಅಲೆಗಳ ಆಘಾತವನ್ನು ತಾವು ಸಹಿಸಿ, ಹಿಂದಿನ ಊರುಗಳನ್ನೂ ಅಳಿವೆಯ ಶಾಂತಜಲವನ್ನೂ ಕಾಯುವಂಥವು. ಆದರೆ ಅವು ಸ್ಥಿರವಲ್ಲ. ಮುಂಗಾರಿನ ಉಗ್ರ ತರಂಗಗಳು ದಡದ ಮರಳನ್ನು ಕೊರೆದು ಒಳಗೆಳೆದುಕೊಳ್ಳುತ್ತವೆ. ಮಳೆಗಾಲ ಕಳೆದ ಮೇಲೆ ಮಂದವಾದ ಅಲೆಗಳು ಅದನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ತಂದು ಹಾಸುತ್ತವೆ. ಆದುದರಿಂದ ಆಗಸ್ಟಿನಲ್ಲಿ ಹೋದವನು ಕಾಣುವುದು ಕ್ಷಯಿಸಿದ ತೀರವನ್ನು; ನವೆಂಬರಿನಿಂದ ಫೆಬ್ರವರಿಯವರೆಗೆ ಹೋದವನು ಕಾಣುವುದು ಮತ್ತೆ ಮೈತುಂಬಿಕೊಳ್ಳುತ್ತಿರುವ ತೀರವನ್ನು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ದಾರಿಯೇ ಮುಚ್ಚುತ್ತದೆ.

ಋತುವಿನಂತೆಯೇ ತಿಥಿಯೂ ಗಣನೀಯ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಆಕರ್ಷಣೆ ಒಂದಾಗಿ ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ತಗ್ಗುತ್ತದೆ. ಅಷ್ಟಮಿಯ ಹೊತ್ತಿಗೆ ಆ ಅಂತರ ಕುಗ್ಗುತ್ತದೆ. ದಿನದಲ್ಲಿ ಸಾಮಾನ್ಯವಾಗಿ ಎರಡು ಬಾರಿ ಬರುವ ಉಬ್ಬರ ಮರುದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಗೃಹಪ್ರವೇಶಕ್ಕೂ ಬಿತ್ತನೆಗೂ ಪಂಚಾಂಗ ತೆರೆಯುವ ನಮ್ಮ ಮನೆಗಳಲ್ಲಿ ಕಡಲಯಾತ್ರೆಗೂ ಅದನ್ನೇ ತೆರೆದು, ಉಬ್ಬರದ ವೇಳೆಯನ್ನು ಸ್ಥಳೀಯ ಮೀನುಗಾರರಿಂದ ಕೇಳಿ ತಿಳಿದರೆ, ತಗ್ಗಿದ ನೀರಿನ ಹೊತ್ತಿನಲ್ಲಿ ಮಕ್ಕಳು ಶಂಖಚಿಪ್ಪುಗಳನ್ನೂ ಏಡಿಯ ಬಿಲಗಳನ್ನೂ ನಿಶ್ಚಿಂತೆಯಿಂದ ನೋಡಬಹುದು.

ಒಳ್ಳೆಯ ಋತುವೆಂದರೆ ನಿರಪಾಯದ ಋತುವೆಂದು ಮಾತ್ರ ಭಾವಿಸಲಾಗದು. 2024ರ ಡಿಸೆಂಬರಿನಲ್ಲಿ, ಪ್ರವಾಸಕ್ಕೆ ಪ್ರಶಸ್ತವೆನ್ನುವ ಕಾಲದಲ್ಲಿಯೇ, ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಸುನೀಗಿದರು. ಕೆರೆಯಲ್ಲಿ ಈಜು ಕಲಿತವನ ಧೈರ್ಯ ಕಡಲಲ್ಲಿ ಕೆಲಸಕ್ಕೆ ಬಾರದು; ದಡದಿಂದ ಒಳಗೆ ಸೆಳೆಯುವ ಪ್ರವಾಹ ಕೆರೆಗಿಲ್ಲ. ಇನ್ನೊಂದು ಹೊಣೆಯೂ ಉಂಟು: ನಮಗೆ ಪ್ರಿಯವಾದ ಈ ಚಳಿಗಾಲವೇ ಕಾಸರಕೋಡಿನ ಟೊಂಕ ಎಂಬೆಡೆಯ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುವ ಕಾಲ. ರಾತ್ರಿಯ ದೀಪಗಳು ಮರಿಗಳಿಗೆ ದಿಕ್ಕು ತಪ್ಪಿಸುತ್ತವೆ. ಗದ್ದಲ ತಾಯಾಮೆಯನ್ನು ನೀರಿಗೆ ಹಿಂದಿರುಗಿಸುತ್ತದೆ. ಅತಿಥಿಯಾದವನು ಈ ತಾಯ್ತನಕ್ಕೆ ತಲೆಬಾಗಲೇಬೇಕು.

ಆದುದರಿಂದ ಶಾಲೆಗಳು ಶ್ರಾವಣದಲ್ಲಿಯೇ ಕುಳಿತು ದಿನವನ್ನು ಗೊತ್ತುಮಾಡಲಿ. ಪಟ್ಟಿಯಿಂದ ಎರಡು ಸ್ಥಳಗಳನ್ನು ಕೈಬಿಟ್ಟು ಕಡಲಿಗೊಂದು ಪೂರ್ಣ ಬೆಳಗನ್ನು ಮೀಸಲಿಡಲಿ. ಜೀವರಕ್ಷಕರಿಲ್ಲದೆಡೆ ಮಕ್ಕಳನ್ನು ನೀರಿಗಿಳಿಸದಿರಲಿ. ಉಬ್ಬರವಿಳಿತದ ಪಾಠವನ್ನು ಬಸ್ಸು ಹೊರಡುವ ಮೊದಲೇ ತರಗತಿಯಲ್ಲಿ ಹೇಳಲಿ. ಹೆಚ್ಚು ಊರುಗಳನ್ನು ಸುತ್ತಿ ಬಂದೆವೆಂಬ ಅಭಿಮಾನಕ್ಕಿಂತ ಒಂದು ತೀರವನ್ನು ಸಾವಧಾನವಾಗಿ ಅರಿತೆವೆಂಬ ತೃಪ್ತಿ ದೊಡ್ಡದು. ಅಂತಹ ಪ್ರವಾಸಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಬೇಕಾದುದು ಮುನ್ನೆಚ್ಚರಿಕೆ ಮತ್ತು ವಿನಯ.