ಜಪಾನೀ ಭೋಜನಕ್ಕೆ ಪ್ರವೇಶ

ಜಪಾನಿಗೆ ಹೊಸದಾಗಿ ಹೋಗುವ ಪ್ರಯಾಣಿಕನು, ಆ ನಾಡಿನ ಊಟವೆಂದರೆ ಹಸಿಯ ಮೀನೆಂದೇ ನಿಶ್ಚಯಿಸಿಕೊಂಡು, ಒಂದೋ ಅಂಜಿ ದೂರವುಳಿಯುತ್ತಾನೆ, ಇಲ್ಲವೇ ಧೈರ್ಯಪ್ರದರ್ಶನಕ್ಕೆಂದು ಮೊದಲ ದಿನವೇ ಸುಶಿಯ ಅಂಗಡಿಯನ್ನು ಹೊಗುತ್ತಾನೆ. ಎರಡೂ ರಸಿಕನ ಮಾರ್ಗವಲ್ಲ. ಆ ಪಾಕಕಲೆಯ ಮಹಾದ್ವಾರವಿರುವುದು, ಮೆರುಗೆಣ್ಣೆಯ ಮರದ ಬಟ್ಟಲಲ್ಲಿ ಮುಚ್ಚಳದಡಿ ಬಿಸಿಯಾಗಿ ಬರುವ, ಬಣ್ಣವೇ ಇಲ್ಲವೇನೋ ಎನಿಸುವ ತಿಳಿಸಾರಿನಲ್ಲಿ.

ಈ ಸಾರಿನ ಜೀವಾಳಕ್ಕೆ ದಾಶಿಯೆಂದು ಹೆಸರು. ಕೊಂಬು ಎಂಬ ಒಣಗಿದ ಕಡಲಪಾಚಿಯನ್ನು ನೀರಿನಲ್ಲಿಟ್ಟು ಮೆಲ್ಲನೆ ಕಾಯಿಸಿ, ಕುದಿ ಬರುವ ಮುನ್ನವೇ ಅದನ್ನು ತೆಗೆದು, ಬೇಯಿಸಿ ಹೊಗೆಗೊಡ್ಡಿ ಒಣಗಿಸಿದ ಕತ್ಸುವೊ ಮೀನಿನ ತೆಳ್ಳನೆಯ ಹೆರೆತವನ್ನು ಅದೇ ನೀರಿಗೆ ಉದುರಿಸಿ, ಹೆಚ್ಚು ಹೊತ್ತು ಬಿಡದೆ ಸೋಸಿದರೆ ದಾಶಿ ಸಿದ್ಧ. ಇದರ ರುಚಿಯ ಮೂಲವನ್ನು ಅರಸಿದ ಟೋಕಿಯೋದ ರಸಾಯನವಿಜ್ಞಾನಿ ಇಕೆದಾ ಕಿಕುನಾಯೆ 1908ರಲ್ಲಿ ಕೊಂಬುವಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಆ ರುಚಿಯನ್ನು ಉಮಾಮಿಯೆಂದು ಕರೆದರು. 1913ರಲ್ಲಿ ಅವರ ಶಿಷ್ಯ ಕೊದಾಮಾ ಶಿಂತಾರೊ ಒಣಮೀನಿನಲ್ಲಿ ಇನೋಸಿನೇಟನ್ನು ಗುರುತಿಸಿದರು. ಇವೆರಡೂ ಕೂಡಿದಲ್ಲಿ ರುಚಿ ಬರಿಯ ಸಂಕಲನವಾಗದೆ ಗುಣಾಕಾರವಾಗುವುದೆಂಬುದನ್ನು ಅಡಿಗೆಯವರ ಕೈ, ಶಾಸ್ತ್ರಜ್ಞರಿಗಿಂತ ಬಹಳ ಮೊದಲೇ ಅರಿತಿತ್ತು.

ನಮ್ಮ ಸಾರಿನಲ್ಲಿ ಬೇಳೆಯ ಕಟ್ಟು ಹುಳಿ, ಮೆಣಸು, ಇಂಗುಗಳ ಕೋಲಾಹಲದಡಿ ಅಡಗಿ ದುಡಿಯುತ್ತದೆ. ಅಲ್ಲಿಯಾದರೋ ಕಟ್ಟೇ ನಾಯಕ. ಆದಕಾರಣ ಖಾರಕ್ಕೆ ಪಳಗಿದ ನಾಲಗೆಗೆ ಮೊದಲ ಗುಟುಕು ಸಪ್ಪೆಯೆನಿಸಿದರೆ ತೀರ್ಪಿಗೆ ಅವಸರಿಸಬಾರದು. ಸೋಯಾ ರಸವನ್ನಂತೂ ಸುರಿಯಲೇಬಾರದು. ಮುಚ್ಚಳ ತೆರೆದೊಡನೆ ಏಳುವ ಪರಿಮಳವನ್ನು ಆಘ್ರಾಣಿಸಿ, ಬಟ್ಟಲನ್ನು ಕೈಗೆತ್ತಿ ತುಟಿಗಿಟ್ಟು ಸ್ವಲ್ಪಸ್ವಲ್ಪವಾಗಿ ಹೀರುತ್ತ ಹೋದರೆ, ನುಂಗಿದ ಮೇಲೂ ನಿಲ್ಲುವ ಸ್ವಾದವೊಂದು ತಾನಾಗಿ ಪ್ರಕಟವಾಗುತ್ತದೆ.

ಸಸ್ಯಾಹಾರಿಗಳಿಗೆ ತೊಡಕೂ ಇಲ್ಲಿಯೇ. ಬಟ್ಟಲಲ್ಲಿ ಕಾಣುವುದು ಬರಿಯ ತರಕಾರಿಯಾದರೂ, ಹುದುಗಿಸಿದ ಸೋಯಾ ಮುದ್ದೆಯಾದ ಮಿಸೊವಿನ ಸಾರಿನಲ್ಲಿಯೂ ಶ್ಯಾವಿಗೆಯ ರಸದಲ್ಲಿಯೂ ಮೀನಿನ ಸತ್ವ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಂಥವರು ಕೋಯಾ ಪರ್ವತದ ಮಠಗಳಲ್ಲಿ ತಂಗಿ ಶೋಜಿನ್ ರ್ಯೋರಿಯೆಂಬ ಬೌದ್ಧ ಸಾತ್ವಿಕ ಭೋಜನವನ್ನು ಸವಿಯತಕ್ಕದ್ದು. ಅದರ ದಾಶಿಗೆ ಕೊಂಬುವೂ ಒಣಗಿದ ಶಿಟಾಕೆ ಅಣಬೆಯೂ ಆಧಾರ. ಈರುಳ್ಳಿ ಬೆಳ್ಳುಳ್ಳಿ ನಿಷಿದ್ಧ. ಮಡಿಯ ಮನೆಯಿಂದ ಹೋದವರಿಗೆ ಈ ನಿಯಮ ಹೊಸತೆನಿಸದು. ಎಳ್ಳನ್ನು ನುಣ್ಣಗೆ ಅರೆದು, ಕುಜು ಗೆಡ್ಡೆಯ ಹಿಟ್ಟಿನೊಡನೆ ಕಾಸಿ ಹೆಪ್ಪುಗಟ್ಟಿಸಿದ ಗೋಮಾದೋಫುವನ್ನು ನಾನು ಯಾವ ಸುಶಿಗೂ ಕಡಿಮೆಯೆಂದು ಒಪ್ಪೆನು. ಮಠದ ಬಾಣಸಿಗನ ಕರ್ತವ್ಯಗಳನ್ನು ಕುರಿತು ಝೆನ್ ಗುರು ದೋಗೆನ್ 1237ರಲ್ಲಿಯೇ ಒಂದು ಗ್ರಂಥ ರಚಿಸಿದ್ದರೆಂಬುದು, ಆ ಪರಂಪರೆಯಲ್ಲಿ ಅಡಿಗೆಗಿದ್ದ ಗೌರವಕ್ಕೆ ಸಾಕ್ಷಿ.

ಇನ್ನು ಊಟದ ರೀತಿನೀತಿಯ ಮಾತು. ಸೋಬಾ ಎಂಬ ಶ್ಯಾವಿಗೆಯನ್ನು ಸದ್ದುಮಾಡಿ ಹೀರಬಹುದು. ಅನ್ನದಲ್ಲಿ ಮಾತ್ರ ಊಟದ ಕಡ್ಡಿಗಳನ್ನು ನೆಟ್ಟಗೆ ಊರಬಾರದು, ಅದು ಅಂತ್ಯಕ್ರಿಯೆಯ ವಿಧಿ.

ಇಷ್ಟು ಪರಿಚಯವಾದ ಮೇಲೆ, ಮಾಂಸಾಹಾರಿಯಾದವನು ಸುಶಿಗೆ ಹೋಗಲಿ. ಸೌಮ್ಯವಾದ ಬಿಳಿಮೀನಿನಿಂದ ತೊಡಗಿ, ಕೊಬ್ಬಿದ ಮೀನಿನತ್ತ ಸಾಗಿ, ನಡುನಡುವೆ ಶುಂಠಿಯ ಉಪ್ಪಿನಕಾಯಿಯಿಂದ ನಾಲಗೆಯನ್ನು ತೊಳೆದುಕೊಳ್ಳುತ್ತ, ಸೋಯಾ ರಸಕ್ಕೆ ಅನ್ನವನ್ನಲ್ಲದೆ ಮೀನಿನ ಅಂಚನ್ನಷ್ಟೇ ಸೋಕಿಸಿ, ಕೈಯಿಂದಲೇ ತಿನ್ನಬಹುದು. ಆದರೆ ಈ ಸುಶಿ 19ನೆಯ ಶತಮಾನದ ಎದೊ ನಗರದ, ಎಂದರೆ ಇಂದಿನ ಟೋಕಿಯೋದ, ಅವಸರದ ತಿಂಡಿ. ಇದಕ್ಕಿಂತ ಪುರಾತನವಾದುದು, ಬೀವಾ ಸರೋವರದ ಮೀನನ್ನು ಉಪ್ಪಿನಲ್ಲಿಯೂ ಅನ್ನದಲ್ಲಿಯೂ ಹುದುಗಿಸಿಟ್ಟು ಹುಳಿಬರಿಸುವ ಫುನಾಜುಶಿ. ಅದರ ಗಂಧ ಉಗ್ರವಾದುದರಿಂದ, ಅದನ್ನು ಎರಡನೆಯ ಯಾತ್ರೆಗೆ ಕಾದಿರಿಸುವುದು ಲೇಸು.